ಔಷಧಿ ಸಾಲಿನಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಗೊತ್ತಿಲ್ಲ. ನಿಮ್ಹಾನ್ಸ್‌ನ ಔಷಧಿ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದಿರಿ. ಮಗನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ಅದಕ್ಕೆ ಕ್ಲೋಜಪಿನ್ ಮಾತ್ರೆ ಶುರು ಮಾಡಿದ್ದಾರೆ, ಭಯ ಆಗ್ತಿದೆ ಅಂದೆ. ನೀವು ಸುಮ್ನೆ ಸಮಾಧಾನ ಹೇಳಲಿಲ್ಲ. ನಿಮ್ಮ ಮಗಳ ಫೈಲ್ ಬಿಚ್ಚಿ ತೋರಿಸಿದಿರಿ. ರಕ್ತಪರೀಕ್ಷೆಯ ಚೀಟಿಗಳೆಲ್ಲ ತಾರೀಖಿನ ಪ್ರಕಾರ ಜೋಡಿಸಿದ್ದವು, ಬಿಳಿ ರಕ್ತಕಣದ ಲೆಕ್ಕದ ಕೆಳಗೆ ಕೆಂಪು ಗೆರೆ. "ಈ ಮಾತ್ರೆಯಿಂದ ಬಿಳಿ ರಕ್ತಕಣ ಕಡಿಮೆ ಆಗಬಹುದು, ಅದಕ್ಕೇ ರಕ್ತಪರೀಕ್ಷೆ ಮೊದಲ 18 ವಾರ ಪ್ರತಿ ವಾರ ಮಾಡಿಸಿ. ಜ್ವರ, ಗಂಟಲು ನೋವು ಬಂದರೆ ತಡ ಮಾಡದೆ ಡಾಕ್ಟರಿಗೆ ಹೇಳಿ" ಅಂದಿರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಗೂ ಅಂಗವಿಕಲರ ಕಾರ್ಡ್ ಸಿಗುತ್ತದೆ, ರಾತ್ರಿ ಕೈಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು ಅಂತ ತಿಳಿಸಿದ್ದೂ ನೀವೇ. "ಮದುವೆ ಮಾಡಿದ್ರೆ ಸರಿಹೋಗ್ತಾನೆ ಅನ್ನೋರ ಮಾತಿಗೆ ಕಿವಿಗೊಡಬೇಡಿ" ಅಂದಿರಲ್ಲ, ಅದೊಂದೇ ಎಷ್ಟು ದೊಡ್ಡ ಉಪಕಾರ!

ಮಗ ಈಗ ಮಾತ್ರೆ ತಾನೇ ಕೇಳಿ ತಗೊಳ್ತಾನೆ. ಕಾರ್ಡೂ ಬಂತು. ನಿಮಗೂ ನಿಮ್ಮ ಮಗಳಿಗೂ ಒಳ್ಳೆಯದಾಗಲಿ ಅಕ್ಕಾ.