ಹೆಸರು ನೋಡಿ ವಿಶ್ವಾಸ ಅಳೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕಡೆ ಕ್ರೈಸ್ತರಿಗೆ ಎರಡು ಬದಿಯಿಂದಲೂ ಕಾಟ. ಹೊರಗಿನವರು "ಬಸವರಾಜ ಅಂತೀರಿ, ಕ್ರಿಶ್ಚಿಯನ್ ಹೆಂಗ?" ಅಂತಾರೆ. ನಮ್ಮವರೇ "ಕ್ರಿಶ್ಚಿಯನ್ ಆಗಿ ಬಸವರಾಜ ಯಾಕ?" ಅಂತಾರೆ. ಈಚೆಗೆ ನಮ್ಮವರದ್ದೇ ಜಾಸ್ತಿ ಆಗಿದೆ, ಅದಕ್ಕೇ ಈ ಪತ್ರ.

ಬೆಟಗೇರಿಯ ನಮ್ಮ ಬಳಗದಲ್ಲಿ ಒಂದು ಕೂಸಿಗೆ ಮುತ್ತಜ್ಜಿಯ ಹೆಸರು ಗಂಗವ್ವ ಅಂತ ಇಟ್ಟರು. ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ ಅಂದು ಹೆಸರು ಹೇಳಿದಳು, ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಗುದ್ದಿದರು, ಆಮೇಲೆ ಪ್ರಾರ್ಥನೆ ಆಯಿತು. ಊಟಕ್ಕೆ ಕೂತಾಗ ಸಭೆಯ, ಅಂದರೆ ನಮ್ಮ ಚರ್ಚಿನ, ಹಿರಿಯರೊಬ್ಬರು ಶುರು ಮಾಡಿದರು: "ದೀಕ್ಷಾಸ್ನಾನಕ್ಕಾದ್ರೂ ಗ್ರೇಸ್ ಅಂತ ಬರಸ್ರಿ. ಸೌಲ ಹೋಗಿ ಪೌಲ ಆಗ್ಲಿಲ್ಲೇನು?" ನಮ್ಮ ಪಾದ್ರಿ ಅಯ್ಯನವರು ತಲೆ ಕೆಡಿಸಿಕೊಳ್ಳದೆ ಗಂಗವ್ವ ಅಂತಲೇ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಟ್ಟರು. ಆದರೆ ಈ ಸೌಲ-ಪೌಲರ ಮಾತು ಎಲ್ಲಾ ಕಡೆ ಓಡಾಡುತ್ತದೆ, ಯಾರೂ ಸತ್ಯವೇದ (ಬೈಬಲ್) ತೆಗೆದು ನೋಡುವುದಿಲ್ಲ.

ಮೊದಲು ಕ್ರೈಸ್ತರನ್ನು ಕಾಡುತ್ತಿದ್ದ ಸೌಲನಿಗೆ ದಮಸ್ಕದ ದಾರಿಯಲ್ಲಿ ಯೇಸುವಿನ ದರ್ಶನ ಆಗಿದ್ದು ಸತ್ಯವೇದದ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದ 9ನೇ ಅಧ್ಯಾಯದಲ್ಲಿ. ದೀಕ್ಷಾಸ್ನಾನ ಆದ ಮೇಲೂ ಅವನು ಸೌಲನೇ. 13ನೇ ಅಧ್ಯಾಯದಲ್ಲಿ ಸೈಪ್ರಸ್ಸಿಗೆ ಹೋದಾಗ, ಅವನಿಗೆ ಪೌಲ ಅಂತಲೂ ಹೆಸರಿತ್ತು ಅಂತ ಸುಮ್ನೆ ಒಂದು ಮಾತು ಬರುತ್ತದೆ, ಅಷ್ಟೇ. ಅಬ್ರಹಾಮ, ಪೇತ್ರ ಇವರಿಗೆ ಹೊಸ ಹೆಸರು ಸಿಕ್ಕಿದ್ದು ನಿಜ, ಆದರೆ ಕೊಟ್ಟವರು ಸಭೆಯ ಕಮಿಟಿಯವರಲ್ಲ! ಪೌಲನ ಜೊತೆ ದುಡಿದವರನ್ನೇ ನೋಡಿ. ಅಪೊಲ್ಲೋಸನ ಹೆಸರಿನಲ್ಲಿ ಗ್ರೀಕರ ಅಪೊಲೊ ದೇವರಿದ್ದಾನೆ, ಎಪಫ್ರೊದೀತನ ಹೆಸರಿನಲ್ಲಿ ಅಫ್ರೊಡೈಟಿ ಇದ್ದಾಳೆ. ಫೊಯಿಬೆ ಅಂತೂ ಗ್ರೀಕ್ ಪುರಾಣದ ದೇವಿಯ ಹೆಸರೇ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಆಕೆಯನ್ನು ಸಹೋದರಿ ಅಂತ ಕರೆದು, ಚೆನ್ನಾಗಿ ನೋಡಿಕೊಳ್ಳಿ ಅಂತ ಹೇಳಿ ಕಳಿಸುತ್ತಾನೆ, ಹೆಸರಿನ ಬಗ್ಗೆ ಚಕಾರ ಎತ್ತುವುದಿಲ್ಲ. ಇನ್ನು 533ರಲ್ಲಿ ಪೋಪ್ ಆದ ಮರ್ಕ್ಯೂರಿಯಸ್ ರೋಮನ್ ದೇವರ ಹೆಸರು ಈ ಪದವಿಗೆ ಬೇಡ ಅಂತ ಜಾನ್ ಅಂತ ಇಟ್ಟುಕೊಂಡರು, ಒಪ್ಪಿದೆ. ಆದರೆ ಅಲ್ಲಿಯವರೆಗೆ ಅದೇ ಹೆಸರಿನಲ್ಲೇ ಪಾದ್ರಿಯಾಗಿದ್ದರು, ಅಲ್ವಾ?

ದೂರ ಯಾಕೆ, ಧಾರವಾಡಕ್ಕೇ ಬನ್ನಿ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು 1837ರಲ್ಲಿ ಇಲ್ಲಿಗೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ. ಆ ಮಿಷನ್ನಿನ ಸಭೆಯಲ್ಲೇ ಬೆಳೆದು ಪಾದ್ರಿಯಾದವರು ಉತ್ತಂಗಿ ಚನ್ನಪ್ಪನವರು. ತಂದೆ ದಾನಿಯೇಲಪ್ಪ, ಮಗ ಚನ್ನಪ್ಪ. ಸತ್ಯವೇದದ ದಾನಿಯೇಲನಿಗೆ ನಮ್ಮ ಮಂದಿ ಒಂದು 'ಅಪ್ಪ' ಸೇರಿಸಿ ಮನೆಯವನನ್ನಾಗಿ ಮಾಡಿಕೊಂಡರು, ಮುಂದಿನ ತಲೆಮಾರಿಗೆ ಅಚ್ಚ ನಮ್ಮೂರ ಹೆಸರೇ ಇಟ್ಟರು. ಇವರೇ ಊರೂರು ಅಲೆದು ಸರ್ವಜ್ಞನ ವಚನ ಕೂಡಿಹಾಕಿದವರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಚನ್ನಪ್ಪ ಅನ್ನೋ ಹೆಸರಿನಿಂದ ಅವರ ವಿಶ್ವಾಸಕ್ಕೆ ಏನು ಕಡಿಮೆಯಾಯಿತು?

ಹಾಗಂತ ಹೆಸರು ಬದಲಿಸುವವರನ್ನೆಲ್ಲ ನಾನು ಬೈಯುತ್ತಿಲ್ಲ. ಹುಟ್ಟಿದ ಕೂಸು ಉಳಿಯಲಿ ಅಂತ ತಿಪ್ಪವ್ವ, ತಿರಕವ್ವ ಅಂತ ಇಡುತ್ತಿದ್ದರು, ಹೆಣ್ಣು ಸಾಕು ಅಂತ ಸಾಕವ್ವ. ಅಂಥ ಹೆಸರು ಹೊತ್ತು ಬೇಸತ್ತವಳಿಗೆ ದೀಕ್ಷಾಸ್ನಾನದಲ್ಲಿ ಕರುಣಾ ಅಂತಲೋ ಶಾಂತವ್ವ ಅಂತಲೋ ಹೊಸ ಹೆಸರು ಸಿಕ್ಕರೆ ಅದರ ಬೆಲೆ ಅವಳಿಗೇ ಗೊತ್ತು. ಅದು ಅವಳು ತಾನಾಗಿ ಬಯಸಿದ್ದು. ಬೇರೆಯವರು ಊಟದ ಪಂಕ್ತಿಯಲ್ಲಿ ಕೂತು ಹೇರುವುದು ಬೇರೆ ಮಾತು.

ಹೊರಗಿನವರಿಗೂ ಒಂದು ಮಾತು. ಹೋದ ವರ್ಷ ನಮ್ಮ ಹುಡುಗನ ಕಾಲೇಜು ಅರ್ಜಿಯಲ್ಲಿ ಕ್ಲಾರ್ಕ್ ಒಬ್ಬರು ಬಸವರಾಜ ಅನ್ನೋ ಹೆಸರು ನೋಡಿ, ಧರ್ಮದ ಕಾಲಂನಲ್ಲಿದ್ದ 'ಕ್ರೈಸ್ತ' ಅನ್ನುವುದಕ್ಕೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದು ಬೇರೆ ಬರೆದರು. ಎದುರಿಗೇ ನಿಂತಿದ್ದ ಹುಡುಗನನ್ನು ಒಂದು ಮಾತು ಕೇಳಲಿಲ್ಲ. ಅದನ್ನು ಸರಿ ಮಾಡಿಸಲು ಅಫಿಡವಿಟ್ ಮಾಡಿಸಬೇಕಾಯಿತು. ಅನುಮಾನ ಬಂದರೆ ಕೇಳಿ, ಹೇಳುತ್ತೇವೆ.

ಇತಿ,
ನಿಮ್ಮ ಓದುಗ, ಬೆಟಗೇರಿ, ಗದಗ