ಬ್ಲಾಕಿನ ಮೇಲೆ ತಾರೀಖು ಬರೆಯೋಣ

ಸಂಪಾದಕರಿಗೆ,

ನಮಸ್ಕಾರ.

ಹೋದ ತಿಂಗಳು, ಗೋಡೆಗೆ ಕಾಂಕ್ರೀಟ್ ಬ್ಲಾಕ್ ಮಾಡುವ ನಮ್ಮ ಅಂಗಳಕ್ಕೆ ಒಬ್ಬ ಹಿರಿಯರು ಬಂದಿದ್ದರು. ಮಗನ ಮನೆಗೆ ಆರು ಇಂಚಿನ ಸಾಲಿಡ್ ಬ್ಲಾಕ್ ಬೇಕಿತ್ತು. ಒಂದು ಬ್ಲಾಕ್ ಎತ್ತಿ ತಿರುಗಿಸಿ ನೋಡಿದರು. ಇನ್ನೊಂದಕ್ಕೆ ತಾಗಿಸಿ ಸದ್ದು ಕೇಳಿದರು. ಸದ್ದು ಚೆನ್ನಾಗಿಯೇ ಬಂತು, ರೇಟೂ ಒಪ್ಪಿಗೆಯಾಯಿತು. ಕೊನೆಗೆ ಕೇಳಿದರು: ‘ಇದಕ್ಕ ಬೂದಿ ಹಾಕೀರೇನ್ರೀ?’ ಹೌದು, ಹಾಕಿದ್ದೇವೆ ಎಂದೆ. ‘ಹಂಗಾರ ಬ್ಯಾಡ ಬಿಡ್ರಿ, ಬೂದಿ ಗ್ವಾಡಿ ನಿಲ್ಲೂದಿಲ್ಲ’ ಎಂದು ಹೊರಟೇಬಿಟ್ಟರು. ಅವರು ತಂದಿದ್ದ ಟಂಟಂ ಆಟೊದಲ್ಲಿ ಆಗಲೇ ಹತ್ತು ಚೀಲ ಸಿಮೆಂಟ್ ಇತ್ತು. ಚೀಲದ ಮೇಲೆ ‘ಪಿಪಿಸಿ, ಫ್ಲೈ ಆ್ಯಶ್ ಬೇಸ್ಡ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಆ ಸಿಮೆಂಟಿನಲ್ಲೂ ಬೂದಿ ಇದೆ. ಐಎಸ್ 1489 ಎಂಬ ಮಾನಕದ ಪ್ರಕಾರ ಈ ಬಗೆಯ ಪಿಪಿಸಿಯಲ್ಲಿ ನೂರಕ್ಕೆ 15ರಿಂದ 35 ಪಾಲು ಹಾರುಬೂದಿಯೇ, ಅಂದರೆ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿದ ನುಣುಪು ಬೂದಿಯೇ ಇರುತ್ತದೆ. ಕಂಪನಿ ಬೆರೆಸಿದರೆ ಯಾರಿಗೂ ಅನುಮಾನ ಬರುವುದಿಲ್ಲ. ನಾವು ಸಣ್ಣವರು ಬೆರೆಸಿದರೆ ಮೋಸ ಅನ್ನುತ್ತಾರೆ. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಭಯಕ್ಕೆ ಕಾರಣವಿದೆ. ಅದನ್ನು ಬರೆಯಬೇಕೆಂದೇ ಈ ಪತ್ರ.

ನಾವಿರುವುದು ರಾಯಚೂರು ತಾಲ್ಲೂಕಿನಲ್ಲಿ. ಇಲ್ಲಿ ಬೂದಿಗೆ ಬರವಿಲ್ಲ. ಶಕ್ತಿನಗರದ ಆರ್‌ಟಿಪಿಎಸ್ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, 1720 ಮೆಗಾವ್ಯಾಟ್. ಪಕ್ಕದಲ್ಲೇ ಯರಮರಸ್‌ನ 1600 ಮೆಗಾವ್ಯಾಟ್ ಬೇರೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿ ಇರುತ್ತದೆ. ಅಂದರೆ ಮೂರು ವ್ಯಾಗನ್ ಕಲ್ಲಿದ್ದಲು ಉರಿದರೆ ಒಂದು ವ್ಯಾಗನ್ ಬೂದಿ ಉಳಿಯಿತು ಅನ್ನಿ. ಅದು ಎಲ್ಲಿಗಾದರೂ ಹೋಗಲೇಬೇಕಲ್ವಾ? ಗೋಡೆಗೆ ಹೋಗದಿದ್ದರೆ ಬೂದಿ ಹೊಂಡಕ್ಕೆ ಹೋಗುತ್ತದೆ. ಹೊಂಡ ಒಣಗಿತೆಂದರೆ ಗಾಳಿಗೆ ಎದ್ದು ಬೆಳೆ ಮೇಲೆ, ಬಟ್ಟೆ ಮೇಲೆ, ಉಸಿರಿಗೆ ಬರುತ್ತದೆ. ಇನ್ನೊಂದು ಕಡೆ ಸೇಡಂ, ವಾಡಿಯಲ್ಲಿ ಸುಣ್ಣಕಲ್ಲು ಸುಟ್ಟು ಸಿಮೆಂಟ್ ಮಾಡುತ್ತಾರೆ. ಆಗ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಉರುವಲಿನಿಂದಲ್ಲ, ಆ ಕಲ್ಲಿನಿಂದಲೇ. ಬ್ಲಾಕಿನಲ್ಲಿ ಕಾಲು ಪಾಲು ಸಿಮೆಂಟಿನ ಜಾಗಕ್ಕೆ ಬೂದಿ ಬಂದರೆ ಎರಡೂ ಕಡೆ ಹೊರೆ ಇಳಿಯುತ್ತದೆ.

ಬೂದಿ ಹಾಕಿದರೆ ಬ್ಲಾಕ್ ಹೇಗೆ ಗಟ್ಟಿಯಾಗುತ್ತದೆ ಎಂದು ಜನ ಕೇಳುತ್ತಾರೆ. ಸಿಮೆಂಟಿಗೆ ನೀರು ಬಿದ್ದಾಗ ಅಂಟು ಹುಟ್ಟುತ್ತದೆ, ಜೊತೆಗೆ ಒಂದಿಷ್ಟು ಸುಣ್ಣವೂ ಹುಟ್ಟುತ್ತದೆ. ಆ ಸುಣ್ಣದಿಂದ ಗಟ್ಟಿತನ ಬರುವುದಿಲ್ಲ, ಸುಮ್ನೆ ಉಳಿಯುತ್ತದೆ. ಹಾರುಬೂದಿಯಲ್ಲಿರುವ ಸಿಲಿಕಾ ಆ ಸುಣ್ಣವನ್ನು ಹಿಡಿದುಕೊಂಡು ಮತ್ತಷ್ಟು ಅಂಟು ಮಾಡುತ್ತದೆ. ಇದು ಹೊಸ ವಿದ್ಯೆಯೇನಲ್ಲ. ನಮ್ಮ ಹಿರಿಯರು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಸುರ್ಕಿ ಗಾರೆ ಅರೆಯುತ್ತಿದ್ದರು. ಕನ್ನಂಬಾಡಿ ಕಟ್ಟೆ ನಿಂತಿರುವುದು ಆ ಗಾರೆಯ ಮೇಲೆ. ಅಲ್ಲಿ ಇಟ್ಟಿಗೆ ಪುಡಿ ಮಾಡಿದ ಕೆಲಸವನ್ನೇ ಇಲ್ಲಿ ಬೂದಿ ಮಾಡುತ್ತದೆ.

ಆದರೆ ಈ ಎರಡನೇ ಅಂಟು ನಿಧಾನ. ಅದಕ್ಕೆ ನೀರೂ ಬೇಕು, ದಿನಗಳೂ ಬೇಕು. ಏಳನೇ ದಿನ ಮುರಿದು ನೋಡಿದರೆ ಬೂದಿ ಬ್ಲಾಕ್ ಬರೀ ಸಿಮೆಂಟಿನದಕ್ಕಿಂತ ಮೆತ್ತಗಿರುತ್ತದೆ. 28 ದಿನಕ್ಕೆ ಹತ್ತಿರ ಬರುತ್ತದೆ. ಎರಡು ಮೂರು ತಿಂಗಳಿಗೆ ಸಮಕ್ಕೆ ನಿಲ್ಲುತ್ತದೆ, ಎಷ್ಟೋ ಸಲ ಮೀರಿಸುತ್ತದೆ. ಕಾಂಕ್ರೀಟ್ ಬ್ಲಾಕಿನ ಮಾನಕ ಕನಿಷ್ಠ 14 ದಿನ ತೇವ ಆರದಂತೆ ಇಡಬೇಕು ಎನ್ನುತ್ತದೆ. ನಮ್ಮಲ್ಲಿ ನಡೆಯುವುದೇ ಬೇರೆ. ಏಪ್ರಿಲ್ ಬಿಸಿಲು ನಲವತ್ತು ದಾಟಿರುತ್ತದೆ, ಬೋರ್ ಬತ್ತಿರುತ್ತದೆ. ಬೆಳಿಗ್ಗೆ ಒಂದು ಸಲ ಪೈಪ್ ಹಿಡಿದರೆ ಕ್ಯೂರಿಂಗ್ ಮುಗಿಯಿತು ಅನ್ನುವವರಿದ್ದಾರೆ. ಹತ್ತು ಗಂಟೆಗೆಲ್ಲ ಬ್ಲಾಕ್ ಬೆಳ್ಳಗೆ ಒಣಗಿರುತ್ತದೆ. ನೀರು ಆರಿದರೆ ಒಳಗಿನ ಕೆಲಸವೂ ನಿಂತಿತು. ಐದನೇ ದಿನಕ್ಕೆ ಟ್ರ್ಯಾಕ್ಟರ್ ಬರುತ್ತದೆ, ಹಸಿ ಬ್ಲಾಕ್ ಲೋಡಾಗುತ್ತದೆ. ಇಳಿಸುವಾಗಲೇ ಮೂಲೆ ಉದುರುತ್ತದೆ. ಊರೆಲ್ಲ ಹೇಳುತ್ತದೆ, ನೋಡಿ ಬೂದಿ ಬ್ಲಾಕ್ ಅಂದ್ರೆ ಹಿಂಗೇ ಅಂತ.

ನಾವು ಗೋಣಿತಾಟು ಹೊದಿಸಿ ದಿನಕ್ಕೆ ಮೂರು ಸಲ ನೀರು ಕುಡಿಸುತ್ತೇವೆ. ಮಧ್ಯಾಹ್ನ ಎರಡು ಗಂಟೆಗೆ ತಾಟು ಎತ್ತಿ ಅಂಗೈ ಇಟ್ಟರೆ ತಣ್ಣಗಿರಬೇಕು. ಇಷ್ಟೇ ನಮ್ಮ ಪರೀಕ್ಷೆ.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ. ಮೊದಲ ವರ್ಷ ದರ ಕಡಿಮೆ ಎಂದು ಪಿಪಿಸಿ ಚೀಲ ತಂದು, ಅದರ ಮೇಲೆ ಮತ್ತೆ ನೂರಕ್ಕೆ 30 ಬೂದಿ ಹಾಕಿದೆ. ಚೀಲದೊಳಗೆ ಆಗಲೇ ಬೂದಿ ಇತ್ತು, ನಾನೂ ಸುರಿದೆ. ಬೂದಿಗೆ ಬೇಕಾದ ಸುಣ್ಣ ಕೊಡುವಷ್ಟು ಸಿಮೆಂಟೇ ಉಳಿಯಲಿಲ್ಲ. ಉಗುರಿನಿಂದ ಕೆರೆದರೆ ಪುಡಿ ಬರುತ್ತಿತ್ತು. ನಾನೂರು ಬ್ಲಾಕ್ ವಾಪಸ್ ತಂದು ಅಂಗಳದ ಹಿಂದೆ ಸುರಿಯಬೇಕಾಯಿತು. ಅವತ್ತಿನಿಂದ ಬೂದಿ ಬೆರೆಸುವುದಿದ್ದರೆ ಒಪಿಸಿ, ಅಂದರೆ ಬೂದಿ ಬೆರೆಸದ ಸಿಮೆಂಟೇ. ಈಗಲೂ ಎಷ್ಟೋ ಕಡೆ ಈ ತಪ್ಪು ನಡೆಯುತ್ತಿದೆ, ಮಾಡುವವರಿಗೆ ಗೊತ್ತೇ ಇಲ್ಲದೆ.

ಬೂದಿಯಲ್ಲೂ ಬೇರೆ ಬೇರೆ ಇದೆ. ಚಿಮಣಿಗೆ ಹೋಗುವ ಮುನ್ನ ಯಂತ್ರದಲ್ಲಿ ಹಿಡಿದು ಸೈಲೋದಲ್ಲಿ ತುಂಬುವ ಒಣ ಬೂದಿ ಬೆರಳಲ್ಲಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಸಿಮೆಂಟಿನ ಜಾಗಕ್ಕೆ ಬರುವುದು ಅದು. ನೀರಲ್ಲಿ ಹರಿಸಿ ಹೊಂಡಕ್ಕೆ ಬಿಟ್ಟ ಬೂದಿಯಲ್ಲಿ ಒಲೆಯ ಅಡಿಯ ಒರಟು ಬೂದಿಯೂ ಸೇರಿರುತ್ತದೆ. ಅದನ್ನು ಮರಳಿನ ಜಾಗಕ್ಕೆ ಒಂದಿಷ್ಟು ಹಾಕಬಹುದು, ಸಿಮೆಂಟಿನ ಜಾಗಕ್ಕೆ ಅಲ್ಲ. ಸಿಂಧನೂರು, ಗಂಗಾವತಿ ರೈಸ್ ಮಿಲ್‌ಗಳ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಜಾಸ್ತಿ, ನಿಜ. ಆದರೆ ಬಾಯ್ಲರ್‌ನಲ್ಲಿ ಹೇಗೆ ಬೇಕೋ ಹಾಗೆ ಉರಿದು ಕಪ್ಪಾಗಿರುತ್ತದೆ. ಉರಿಯದೆ ಉಳಿದ ಇದ್ದಿಲು ನೀರು ಹೀರುತ್ತದೆ. ಪರೀಕ್ಷೆ ಮಾಡಿಸದೆ ಅದನ್ನು ಬ್ಲಾಕಿಗೆ ಸುರಿಯಬೇಡಿ ಎಂದು ಈ ಕಸುಬಿನ ಗೆಳೆಯರನ್ನು ಕೇಳಿಕೊಳ್ಳುತ್ತೇನೆ. ಒಣ ಬೂದಿ ಬೆರೆಸುವ ಆಳುಗಳಿಗೆ ಮಾಸ್ಕ್ ಕೊಡಿ ಎಂದೂ ಕೇಳಿಕೊಳ್ಳುತ್ತೇನೆ. ಆ ಪುಡಿ ಎದೆಗೆ ಒಳ್ಳೆಯದಲ್ಲ.

ಕಾನೂನು ನಮ್ಮ ಪರವಾಗಿಯೇ ಇದೆ. ಹಾರುಬೂದಿ ಬಳಕೆಯ ಬಗ್ಗೆ ಕೇಂದ್ರ ಮೊದಲ ಅಧಿಸೂಚನೆ ತಂದದ್ದು 1999ರಲ್ಲಿ. 2021ರ ಡಿಸೆಂಬರ್ 31ರ ಅಧಿಸೂಚನೆ ಪ್ರಕಾರ ಉಷ್ಣ ವಿದ್ಯುತ್ ಸ್ಥಾವರದಿಂದ 300 ಕಿಲೋಮೀಟರ್ ಒಳಗೆ ಕಟ್ಟಡ ಕಟ್ಟುವ ಸಂಸ್ಥೆಗಳು ಬೂದಿಯ ಇಟ್ಟಿಗೆ, ಇತರ ಬೂದಿ ಸಾಮಗ್ರಿ ಬಳಸಬೇಕು, ದರ ಬೇರೆಯದಕ್ಕಿಂತ ಹೆಚ್ಚಿರಬಾರದು ಅಷ್ಟೇ. ನಮ್ಮ ಜಿಲ್ಲೆಯ ಮೂಲೆ ಮೂಲೆಯೂ ಇದರೊಳಗೆ ಬರುತ್ತದೆ. ಆದರೆ ಸೈಟಿನಲ್ಲಿ ನಾನು ಕಂಡದ್ದು ಎರಡೇ ಬಗೆ. ಒಂದು, ಬೂದಿ ಎಂದ ಕೂಡಲೇ ಬೇಡ ಅನ್ನುವುದು. ಇನ್ನೊಂದು, ಅಗ್ಗ ಸಿಕ್ಕಿತೆಂದು ಏನೂ ಕೇಳದೆ ಇಳಿಸಿಕೊಳ್ಳುವುದು. ಬಸವ ವಸತಿಯಂಥ ಯೋಜನೆಯಲ್ಲಿ ಮನೆ ಕಟ್ಟಿಕೊಳ್ಳುವ ಬಡವರಿಗೆ ಈ ಎರಡನೆಯದರ ಪೆಟ್ಟು ಜಾಸ್ತಿ. ಒಂದು ಸಲ ಎಬ್ಬಿಸಿದ ಗೋಡೆಯನ್ನು ಅವರು ಮತ್ತೆ ಕೆಡವಿ ಕಟ್ಟಲಾರರು.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಬ್ಲಾಕಿನ ಮೇಲೆ ಎರಕ ಹಾಕಿದ ತಾರೀಖು ಇರಲಿ. ಸರ್ಕಾರಿ ಕೆಲಸಕ್ಕೆ ಬೂದಿ ಬ್ಲಾಕ್ 28 ದಿನ ತುಂಬದೆ ತೆಗೆದುಕೊಳ್ಳಬಾರದು ಎಂದು ಟೆಂಡರಿನಲ್ಲೇ ಬರೆಯಲಿ. ಒಟ್ಟಿಗೆ ಬಂದ ಒಂದೊಂದು ಲಾಟಿನಿಂದಲೂ ಒಂದಷ್ಟು ಬ್ಲಾಕ್ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಒತ್ತಿ ನೋಡಲಿ. ಸಾಲಿಡ್ ಬ್ಲಾಕಿನ 5 ನ್ಯೂಟನ್ (ಚದರ ಮಿಲಿಮೀಟರಿಗೆ) ಗಟ್ಟಿತನದ ದರ್ಜೆ ಎಂದರೆ ಆರು ಇಂಚಿನ ಬ್ಲಾಕ್ ಸರಾಸರಿ 30 ಟನ್ ಭಾರ ತಡೆಯಬೇಕು. ತಡೆದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ವಾಪಸ್ ಕಳಿಸಿ, ಅದು ನನ್ನದೇ ಆಗಿರಲಿ. ಸರ್ಕಾರಿ ಕಟ್ಟಡ ಕಟ್ಟುವ ಜಿಲ್ಲೆಯ ನಿರ್ಮಿತಿ ಕೇಂದ್ರ ಇದನ್ನು ಮೊದಲು ಶುರು ಮಾಡಿದರೆ ಉಳಿದ ಇಲಾಖೆಗಳಿಗೂ ಧೈರ್ಯ ಬರುತ್ತದೆ.

ನಾವು ಈ ಬೇಸಿಗೆಯಿಂದ ಮೊಳೆಯಲ್ಲಿ ಹಸಿ ಬ್ಲಾಕಿನ ಮೇಲೆ ತಾರೀಖು ಗೀಚುತ್ತಿದ್ದೇವೆ. ಬ್ಲಾಕ್ ಕೊಳ್ಳಲು ಹೋದವರು, ಯಾರ ಅಂಗಳಕ್ಕೇ ಹೋಗಿ, ದರ ಕೇಳುವ ಮುಂಚೆ ಆ ತಾರೀಖು ಕೇಳಿ.

— ಒಬ್ಬ ಬ್ಲಾಕ್ ತಯಾರಕ, ರಾಯಚೂರು ತಾಲ್ಲೂಕು