ಥೀಮ್ ಪಾರ್ಕಿಗೆ ನಮ್ಮ ಅವ್ವನೂ ಬರ್ತಾಳೆ, ಸಚಿವರೇ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ಹುಬ್ಬಳ್ಳಿಯಿಂದ ನಮಸ್ಕಾರ. ನೀವು ಪಕ್ಕದ ಗದಗಿನವರು. ಹಾಗಾಗಿ ಸ್ವಲ್ಪ ಸಲಿಗೆಯಿಂದಲೇ ಬರೆಯುತ್ತಿದ್ದೇನೆ.

ಕೆಆರ್‌ಎಸ್ ಬಳಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕ್ ಮಾಡುವ ಮಾತನ್ನು ನಾವು 2018ರಿಂದ ಕೇಳುತ್ತಿದ್ದೇವೆ. ಆ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನಮ್ಮ ಕಡೆ ಒಂದೇ ಮಾತು: "ನಮ್ಮ ಹುಬ್ಬಳ್ಳಿಗೆ ಯಾವಾಗರೀ?" ನಾನು ಕೇಳಬೇಕೆಂದಿರುವುದು ಬೇರೆ. ಎಲ್ಲಾದರೂ ಮಾಡಿ, ಯಾರಿಗಾಗಿ ಮಾಡ್ತೀರಿ? ಪಾರ್ಕುಗಳ ಜಾಹೀರಾತು ನೋಡಿ. ಹೊಸ ಪ್ರಾಯದ ಗಂಡ-ಹೆಂಡತಿ, ಎರಡು ಚಿಕ್ಕ ಮಕ್ಕಳು. ಇಲ್ಲಾಂದ್ರೆ ಕಾಲೇಜು ಹುಡುಗರ ಗುಂಪು. ನಮ್ಮ ಮನೆಯಿಂದ ಹೊರಡುವ ಗಾಡಿಯಲ್ಲಿ ಎಪ್ಪತ್ತು ದಾಟಿದ ಅವ್ವ, ಮೊಣಕಾಲು ನೋವಿನ ಅತ್ತಿ, ಐವತ್ತರ ಅಣ್ಣ, ವೈನಿ, ನಮ್ಮ ಮನೆಯವರು, ನಾನು, ಕೆಲಸಕ್ಕೆ ಸೇರಿರುವ ಮಗಳು. ಚಿಕ್ಕವರು ಅಂತ ಒಬ್ಬರೂ ಇಲ್ಲ. ಎಲ್ಲರಿಗೂ ಫುಲ್ ಟಿಕೆಟ್.

ದೊಡ್ಡವರಿಗೆ ಅಲ್ಲೇನು ಕೆಲಸ ಅಂತ ಕೇಳುವವರು ಇದ್ದಾರೆ. ನಿಜ, ಕೆಲಸ ಏನೂ ಇಲ್ಲ. ಅದಕ್ಕೇ ಹೋಗುವುದು. ಒಬ್ಬೊಬ್ಬರ ಸಂಸಾರ ಒಂದೊಂದು ಊರಲ್ಲಿ ಆದಮೇಲೆ ಅಣ್ಣ-ತಂಗಿ ಒಂದು ದಿನ ಪೂರ್ತಿ ಜೊತೆಗಿರುವುದು ಯಾರದೋ ಮದುವೆಯಲ್ಲಿ, ಇಲ್ಲ ಆಸ್ಪತ್ರೆಯ ವಾರ್ಡಿನ ಹೊರಗೆ. ಮದುವೆಯಲ್ಲಿ ಬೀಗರನ್ನು ನೋಡಿಕೊಳ್ಳಬೇಕು, ಆಸ್ಪತ್ರೆಯಲ್ಲಿ ಬಿಲ್ಲು ನೋಡಿಕೊಳ್ಳಬೇಕು. ಸುಮ್ನೆ ನಗುವುದಕ್ಕೆ ಅಂತ ಒಂದು ದಿನ ಬೇಡವಾ?

ಡಿಸ್ನಿಲ್ಯಾಂಡ್ ಅಂತೀವಲ್ಲ, ಅದು ಹುಟ್ಟಿದ್ದೇ ದೊಡ್ಡವರ ಬೇಜಾರಿನಿಂದ. ವಾಲ್ಟ್ ಡಿಸ್ನಿ ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ತಿರುಗುವ ಕುದುರೆ ಹತ್ತಿದರೆ ಅಪ್ಪ ಬೆಂಚಿನ ಮೇಲೆ ಶೇಂಗಾ ತಿನ್ನುತ್ತಾ ಕೂರುವುದು. (ಶೇಂಗಾ ಅಂದ ಕೂಡಲೇ ನನಗಂತೂ ಅವರು ನಮ್ಮ ಕಡೆಯವರೇ ಅನ್ನಿಸಿಬಿಟ್ಟರು.) ತಂದೆ-ತಾಯಿಯೂ ಮಕ್ಕಳ ಜೊತೆ ಆಡುವಂಥ ಜಾಗ ಒಂದು ಬೇಕು ಅಂತ ಅಲ್ಲಿ ಕೂತಾಗ ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. 1955ರ ಜುಲೈ 17ಕ್ಕೆ ಆ ಪಾರ್ಕು ಶುರುವಾಯಿತು. ನಮ್ಮಲ್ಲಿ ಮಾತ್ರ ದೊಡ್ಡವರು ಇನ್ನೂ ಬೆಂಚಿನ ಮೇಲೇ ಇದ್ದಾರೆ. ಅದೂ ಬೆಂಚು ಸಿಕ್ಕರೆ.

ದೊಡ್ಡ ಪಾರ್ಕೊಂದರಲ್ಲಿ ಆದದ್ದು ಹೇಳುತ್ತೇನೆ, ಹೆಸರು ಬೇಡ. ನಮ್ಮಣ್ಣ ಸ್ವಲ್ಪ ದಪ್ಪ. ಬಿಸಿಲಲ್ಲಿ ಪಾಳಿ ಹಚ್ಚಿ ನಿಂತು, ಕೊನೆಗೂ ರೋಲರ್ ಕೋಸ್ಟರ್ ಹತ್ತಿದ. ತೊಡೆಯ ಮೇಲೆ ಬರುವ ಕಬ್ಬಿಣದ ಪಟ್ಟಿ ಹೊಟ್ಟೆಗೆ ತಾಗಿ ನಿಂತುಬಿಟ್ಟಿತು. ಲಾಕ್ ಆಗಲಿಲ್ಲ. ಅಲ್ಲಿದ್ದ ಹುಡುಗ ಇನ್ನೊಂದು ಸಲ ಒತ್ತಿ ನೋಡಿದ. ಆಮೇಲೆ "ಸರ್, ಇಳೀರಿ" ಅಂದ. ಹುಡುಗನದೇನೂ ತಪ್ಪಿಲ್ಲ. ಪಟ್ಟಿ ಲಾಕ್ ಆಗದೆ ಗಾಡಿ ಬಿಡಲೇಬಾರದು, ಜೀವದ ಮಾತು. ಆದರೆ ಅಷ್ಟು ಜನ ನೋಡುತ್ತಿರುವಾಗ ಅಣ್ಣ ಅಂಗಿ ಎಳೆದುಕೊಳ್ಳುತ್ತಾ ಇಳಿದ. ವೈನಿಯೂ ಇಳಿದರು. ಅಲ್ಲಿಂದ ಸಂಜೆಯ ತನಕ ಅಣ್ಣ ಎಲ್ಲರ ಬ್ಯಾಗ್ ಕಾಯುತ್ತಾ ಕೂತ. "ನನಗ ಇದರಾಗೆಲ್ಲ ಮಜಾ ಇಲ್ಲವ್ವಾ, ನೀವ ಹೋಗ್ರಿ" ಅಂತ ಅದೇ ಮಾತು.

ಅಮೆರಿಕದ ಯೂನಿವರ್ಸಲ್ ಪಾರ್ಕುಗಳಲ್ಲಿ ದೊಡ್ಡ ರೈಡ್‌ಗಳ ಹೊರಗೆ ಒಂದು ಟೆಸ್ಟ್ ಸೀಟು ಇಟ್ಟಿರುತ್ತಾರೆ. ಪಾಳಿಗೆ ನಿಲ್ಲುವ ಮೊದಲೇ ಕೂತು, ಪಟ್ಟಿ ಎಳೆದು ನೋಡಿಕೊಳ್ಳಬಹುದು. ಆಗಲಿಲ್ಲವಾ, ನಗುತ್ತಾ ಎದ್ದು ಬೇರೆ ಕಡೆ ಹೋಗಬಹುದು. ಕೋಟಿಗಟ್ಟಲೆ ಖರ್ಚಿನ ರೈಡ್ ಪಕ್ಕದಲ್ಲಿ ಇನ್ನೊಂದು ಸೀಟು ಇಡುವುದು ಯಾರಿಗೂ ಭಾರವಲ್ಲ. ಬಿ.ಪಿ., ಹೃದಯದ ತೊಂದರೆ, ಬೆನ್ನು ನೋವು, ಹೊಸದಾಗಿ ಆದ ಆಪರೇಷನ್, ಇಂಥವರು ಹತ್ತಬಾರದು ಅನ್ನುವ ಬೋರ್ಡಿನ ಕಥೆಯೂ ಇಷ್ಟೇ. ಅದು ಇರುವುದು ರೈಡಿನ ಬಾಗಿಲಲ್ಲಿ. ಐವತ್ತು ದಾಟಿದವರಲ್ಲಿ ಬಿ.ಪಿ. ಇಲ್ಲದ ಮನೆ ಯಾವುದು ಹೇಳಿ? ಆ ಬೋರ್ಡು ಟಿಕೆಟ್ ಕೌಂಟರಿನಲ್ಲೇ, ದೊಡ್ಡ ಅಕ್ಷರದ ಕನ್ನಡದಲ್ಲಿ ಇರಲಿ. ದುಡ್ಡು ಕೊಡುವ ಮೊದಲು ಓದುತ್ತೇವೆ.

ಟಿಕೆಟ್ ಅಂದೆನಲ್ಲ. ಅವ್ವ ಯಾವ ರೈಡನ್ನೂ ಹತ್ತಲಿಲ್ಲ, ಹತ್ತುವುದೂ ಇಲ್ಲ. ಆದರೂ ಪೂರ್ತಿ ದುಡ್ಡು. ನಮ್ಮ ಜಾತ್ರೆಗಳಲ್ಲಿ ಹೀಗಿಲ್ಲ. ಸಿದ್ಧಾರೂಢರ ಜಾತ್ರೆಗೆ ಯಾರು ಬೇಕಾದರೂ ಬಂದು ತೇರು ನೋಡಿ, ಮಿರ್ಚಿ ತಿಂದು, ಬಳೆ ಇಡಿಸಿಕೊಂಡು ಹೋಗಬಹುದು. ತೊಟ್ಟಿಲು ಹತ್ತಿದವನು ಮಾತ್ರ ತೊಟ್ಟಿಲಿನ ದುಡ್ಡು ಕೊಡುತ್ತಾನೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1843ರಿಂದ ನಡೆಯುತ್ತಿರುವ ಟಿವೊಲಿ ಅನ್ನುವ ಪಾರ್ಕಿನಲ್ಲೂ ಪ್ರವೇಶದ ಟಿಕೆಟ್ ಬೇರೆ, ರೈಡ್ ಟಿಕೆಟ್ ಬೇರೆ. ವಯಸ್ಸಾದವರು ಹೂತೋಟ ನೋಡುತ್ತಾ, ಸಂಗೀತ ಕೇಳುತ್ತಾ ಸಂಜೆ ಕಳೆಯುತ್ತಾರೆ. ಅಲ್ಲಿ ನಡೆಯುವುದು ನಮ್ಮಲ್ಲಿ ಯಾಕೆ ನಡೆಯಬಾರದು?

ನೀರಿನ ಆಟಗಳ ಕಡೆ ಸೀರೆಗೆ ಪ್ರವೇಶವಿಲ್ಲ. ನೈಲಾನ್ ಬಟ್ಟೆಯೇ ಬೇಕು. ಇದಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಸೆರಗು ಎಲ್ಲಾದರೂ ಸಿಕ್ಕಿಕೊಂಡರೆ ಅಪಾಯ, ಹತ್ತಿ ಬಟ್ಟೆಯ ಎಳೆ ಹೋಗಿ ಫಿಲ್ಟರ್ ಕಟ್ಟುತ್ತದೆ. ಹಾಗಂತ ಅವ್ವನ ವಯಸ್ಸಿನವರಿಗೆ ನೈಲಾನ್ ಪ್ಯಾಂಟು ಬಾಡಿಗೆಗೆ ಕೊಟ್ಟರೆ ಹಾಕಿಕೊಳ್ಳುತ್ತಾರಾ? ಅವರಿಗೆ ಅಲೆ ಬೇಡ, ಜಾರುಬಂಡೆ ಬೇಡ. ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಕಾಲು ಇಳಿಬಿಟ್ಟು ಕೂರಲು ನೆರಳಿನಲ್ಲೊಂದು ಮೊಣಕಾಲುದ್ದದ ಕಾಲುವೆ ಸಾಕು. ಆ ನೀರು ದೊಡ್ಡ ಕೊಳದ ಫಿಲ್ಟರಿಗೆ ಹೋಗದಂತೆ ಬೇರೆ ಇಟ್ಟರೆ ಮುಗಿಯಿತು.

ಊಟದ ವಿಷಯ ಚುಟುಕಾಗಿ. ನಮ್ಮ ಅತ್ತಿಯವರಿಗೆ ಶುಗರ್. ಗುಳಿಗೆ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ರೊಟ್ಟಿ ತಿನ್ನಬೇಕು. ಗೇಟಿನಲ್ಲಿ ಬುತ್ತಿ ಬಿಡಿಸಿ ನೋಡಿ ಹೊರಗಿಡಿ ಅಂದರೆ ಅವರು ಪಿಜ್ಜಾ ತಿನ್ನಬೇಕಾ? ಅಮೆರಿಕದ ಡಿಸ್ನಿ ಪಾರ್ಕುಗಳಿಗೇ ಮನೆ ಊಟ ತೆಗೆದುಕೊಂಡು ಹೋಗಬಹುದು. ಗಾಜಿನ ಡಬ್ಬಿ, ಮದ್ಯ ಇಂಥವಕ್ಕೆ ಮಾತ್ರ ತಡೆ.

ನಮ್ಮ ಕಡೆ ಇದನ್ನೆಲ್ಲ ಮೊದಲಿನಿಂದ ಕಲಿಯಬೇಕಾಗಿಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಉತ್ಸವ್ ರಾಕ್ ಗಾರ್ಡನ್ ಇದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ್ದು. ಹಳ್ಳಿಯ ಬದುಕನ್ನೇ ಆಳೆತ್ತರದ ಪ್ರತಿಮೆಗಳಲ್ಲಿ ಮಾಡಿಟ್ಟಿದ್ದಾರೆ. ಅಲ್ಲಿ ನಮ್ಮ ಗುಂಪಿನ ಗೈಡ್ ಅವ್ವನೇ. ಒಂದು ಎತ್ತಿನ ಮುಂದೆ ನಿಂತು ಅದರ ಹಲ್ಲು, ಕೋಡು, ಸುಳಿ ನೋಡಿ ಬೆಲೆ ಕಟ್ಟಿದಳು. ಅತ್ತಿ ಆ ಬೆಲೆಗೆ ಒಪ್ಪಲಿಲ್ಲ. ಇಬ್ಬರ ಚೌಕಾಸಿ ಕೇಳಿ ಅಪರಿಚಿತರೂ ನಿಂತು ನಗುತ್ತಿದ್ದರು. ಮಗಳು ಫೋನ್ ಒಳಗಿಟ್ಟು ಕೇಳುತ್ತಿದ್ದಳು. ದೊಡ್ಡವರ ಮನೆಮಂದಿಗೆ ಎಂಥ ಪಾರ್ಕು ಬೇಕು ಅಂತ ನಿಮ್ಮ ಅಧಿಕಾರಿಗಳು ಕೇಳಿದರೆ ಅವರನ್ನು ಒಂದು ಭಾನುವಾರ ಅಲ್ಲಿಗೆ ಕಳಿಸಿ.

ಅಲ್ಲಿಂದ ಕನಕದಾಸರ ಊರು ಬಾಡ, ನವಿಲುಗಳ ಬಂಕಾಪುರ ಕೋಟೆ ಎರಡೂ ಅದೇ ತಾಲ್ಲೂಕಿನಲ್ಲಿ. ಮೂರನ್ನೂ ಸೇರಿಸಿ ಹುಬ್ಬಳ್ಳಿಯಿಂದ ವಾರಾಂತ್ಯಕ್ಕೊಂದು ಬಸ್ಸು ಬಿಡಬಹುದಲ್ವಾ? ಶಕ್ತಿ ಯೋಜನೆ 2023ರಲ್ಲಿ ಬಂದಮೇಲೆ ಅವ್ವ-ಅತ್ತಿ ಬಸ್ಸಿಗೆ ಹೊರಡುವುದು ಜಾಸ್ತಿಯಾಗಿದೆ. ಕಷ್ಟ ಇರುವುದು ಮೆಟ್ಟಿಲು ಹತ್ತುವುದರಲ್ಲಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಅತ್ತಿ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ, ಯಾಕಂದ್ರೆ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಪಾರ್ಕಿನ ಒಳಗೂ ಅದೇ ಲೆಕ್ಕ. ಗೇಟಿನಲ್ಲಿ ವೀಲ್‌ಚೇರ್ ಕೊಟ್ಟು, ಒಳಗೆ ಹೆಜ್ಜೆಗೊಂದು ಮೆಟ್ಟಿಲು ಕಟ್ಟಿದರೆ ಏನು ಬಂತು?

ಕಾನೂನು ನಿಮ್ಮ ಕೈಯಲ್ಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ಎಲ್ಲರೂ ಓಡಾಡುವಂತೆ ಇಲ್ಲದ ಕಟ್ಟಡದ ನಕ್ಷೆಗೆ ಅನುಮತಿಯನ್ನೇ ಕೊಡಬಾರದು. ಕಟ್ಟಿ ಮುಗಿದಮೇಲೆ ಕಂಪ್ಲೀಷನ್ ಸರ್ಟಿಫಿಕೇಟನ್ನೂ ಕೊಡಬಾರದು. ಥೀಮ್ ಪಾರ್ಕಿಗೆ ಬೇರೆ ಕಾನೂನಿಲ್ಲ.

ಹೊಸ ಪಾರ್ಕಿನ ಫೈಲು ನಿಮ್ಮ ಟೇಬಲ್ಲಿಗೆ ಬಂದಾಗ ಈ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರಲಿ. ರೈಡ್ ಹತ್ತದವರ ಟಿಕೆಟ್ ಎಷ್ಟು? ಟೆಸ್ಟ್ ಸೀಟು ಎಲ್ಲಿ? ನೆರಳಿನ ಬೆಂಚು ಎಷ್ಟೆಷ್ಟು ದೂರಕ್ಕೆ? ಬುತ್ತಿ ಬಿಚ್ಚಲು ಜಾಗ ಯಾವುದು? ಉತ್ತರ ಇಲ್ಲದಿದ್ದರೆ ಸರ್ಕಾರದ ಜಮೀನೂ ಬೇಡ, ರಿಯಾಯಿತಿಯೂ ಬೇಡ. ಗೊಟಗೋಡಿ ಬಸ್ಸಿನ ಮಾತನ್ನು ಸಾರಿಗೆ ಸಚಿವರ ಕಿವಿಗೂ ಹಾಕಿ. ಅದಕ್ಕೆ ಹೊಸ ಪಾರ್ಕು ಬರುವ ತನಕ ಕಾಯಬೇಕಾಗಿಲ್ಲ.

ಇಂತಿ,
ಹುಬ್ಬಳ್ಳಿ ವಿದ್ಯಾನಗರದ ಒಬ್ಬ ಗೃಹಿಣಿ